ಹೊಳೆಯ ಹೆಸರಿನ ಹೆಣ್ಣುಮಕ್ಕಳು

ನಮ್ಮ ಅಜ್ಜಿಯ ಹೆಸರು ತುಂಗಮ್ಮ. ಅವಳ ತಂಗಿ ಭದ್ರಮ್ಮ. ಕೂಡ್ಲಿಗೆ ಹತ್ತಿರದ ಹಳ್ಳಿಯೊಂದರಲ್ಲಿ, ಎರಡು ವರ್ಷದ ಅಂತರದಲ್ಲಿ ಹುಟ್ಟಿದ ಅಕ್ಕತಂಗಿಯರಿಗೆ ಬೇರೆ ಹೆಸರು ಇಡಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಕ್ಕಿಲ್ಲ. ಹಿತ್ತಿಲು ದಾಟಿ ಸ್ವಲ್ಪ ದೂರ ನಡೆದರೆ ಎರಡು ಹೊಳೆ ಒಂದಾಗುವ ಜಾಗ. ಮದುವೆಯಾದಾಗ ಮಾತ್ರ ಲೆಕ್ಕ ಅದಲುಬದಲಾಯಿತು. ಕಬ್ಬಿಣದ ಕಾರ್ಖಾನೆಯ ನೌಕರನ ಕೈಹಿಡಿದ ತುಂಗಮ್ಮ ಭದ್ರೆಯ ದಂಡೆಗೆ, ಭದ್ರಾವತಿಯ ನ್ಯೂಟೌನ್ ಕ್ವಾರ್ಟರ್ಸಿಗೆ ಬಂದಳು. ಭದ್ರಮ್ಮ ತುಂಗೆಯ ದಂಡೆಗೆ, ಶಿವಮೊಗ್ಗದ ಕೋಟೆ ಕಡೆಯ ಒಂದು ಹಂಚಿನ ಮನೆಗೆ ಹೋದಳು. "ನಿನ್ನ ಹೊಳೆ ನಾನು ನೋಡ್ಕೋತೀನಿ, ನನ್ನ ಹೊಳೆ ನೀನು ನೋಡ್ಕೋ" ಎಂದು ಮಾತಾಡಿಕೊಂಡೇ ಇಬ್ಬರೂ ಗಂಡನ ಮನೆಗೆ ಹೊರಟರಂತೆ. ಇದನ್ನು ಅಜ್ಜಿ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಪ್ರತಿ ಸಲವೂ ಹೇಳಿ ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ದಸರಾ ರಜೆ, ಬೇಸಿಗೆ ರಜೆ ಬಂತೆಂದರೆ ಶಿವಮೊಗ್ಗದ ಬಸ್ಸು ಹತ್ತಿ ಚಿಕ್ಕಜ್ಜಿಯ ಮನೆಗೆ. ಆಗಿನ ಎರಡೂ ಊರುಗಳಲ್ಲಿ ಈ ಎರಡು ಹೆಸರುಗಳು ಅಕ್ಕಿ ಬೇಳೆಯ ಹಾಗೆ ಎಲ್ಲರ ಮನೆಯಲ್ಲೂ ಇರುತ್ತಿದ್ದವು. ಕ್ವಾರ್ಟರ್ಸಿನ ಸಾಲಿನಲ್ಲಿ ನಿಂತು "ತುಂಗಮ್ಮಾ" ಎಂದು ಒಮ್ಮೆ ಕೂಗಿದರೆ ಮೂರು ಬಾಗಿಲು ತೆರೆಯುತ್ತಿತ್ತು. ಹಾಗಾಗಿ ಮೂಲೆಮನೆ ತುಂಗಮ್ಮ, ಹೊಲಿಗೆ ತುಂಗಮ್ಮ, ನಮ್ಮ ಅಜ್ಜಿಯಾದರೆ ಕೂಡ್ಲಿ ತುಂಗಮ್ಮ. ಚಿಕ್ಕಜ್ಜಿ ಸೇರಿದ ಮನೆಯಲ್ಲಿ ಅವಳ ಅತ್ತೆಯೂ ಭದ್ರಮ್ಮನೇ. ಅವಳು ದೊಡ್ಡ ಭದ್ರಮ್ಮ, ಇವಳು ಚಿಕ್ಕ ಭದ್ರಮ್ಮ. ಅತ್ತೆ ತೀರಿಕೊಂಡು ಇಪ್ಪತ್ತು ವರ್ಷವಾದ ಮೇಲೂ, ಇವಳೇ ಮೊಮ್ಮಕ್ಕಳನ್ನು ಎತ್ತಿದ ಮೇಲೂ, ಬೀದಿಯವರ ಬಾಯಲ್ಲಿ ಅವಳು ಚಿಕ್ಕ ಭದ್ರಮ್ಮನಾಗಿಯೇ ಉಳಿದಳು.

ಆಮೇಲೆ ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರಮ್ಮನಾದೆ. ಬೆಳಗ್ಗೆ ಹಾಜರಿ ಪುಸ್ತಕ ತೆರೆದು ಹೆಸರು ಕರೆಯುತ್ತಾ ಮೂವತ್ತು ವರ್ಷಕ್ಕೂ ಮೇಲೆ ಕಳೆದವಳು. ನನ್ನ ಪುಸ್ತಕದಲ್ಲಿ ಕೊನೆಯ ತುಂಗಾ ಬಂದದ್ದು 1990ರ ದಶಕದ ಆರಂಭದಲ್ಲಿ. ಎರಡು ಜಡೆಯ, ಎಡಗೈಯಲ್ಲಿ ಬರೆಯುತ್ತಿದ್ದ ಹುಡುಗಿ. "ತುಂಗಾ" ಎಂದರೆ "ಬಂದಿದೀನಿ ಮಿಸ್" ಎನ್ನುತ್ತಿದ್ದಳು. ಅವಳು ನಾಲ್ಕನೇ ತರಗತಿ ಪಾಸಾಗಿ ಹೋದಳು. ಆಮೇಲೆ ನಾನು ನಿವೃತ್ತಳಾಗುವವರೆಗೆ ಆ ಹೆಸರನ್ನು ಒಂದು ಸಲವೂ ಕರೆಯುವ ಸಂದರ್ಭ ಬರಲಿಲ್ಲ. ಅವಳೇ ಕೊನೆಯವಳೆಂದು ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೊಂದೆರಡು ಸಲ ಹೆಚ್ಚಿಗೆ ಕರೆಯುತ್ತಿದ್ದೆ.

ತುಂಗ ಎಂದರೆ ಎತ್ತರ. ಉತ್ತುಂಗ ಎನ್ನುವಾಗ ನಾವು ದಿನವೂ ಬಳಸುವ ಅದೇ ಮಾತು. ರಾಷ್ಟ್ರಕೂಟರ ದೊರೆಗಳಿಗೆ ಈ ಶಬ್ದದ ಮೇಲೆ ವಿಪರೀತ ಮೋಹ. ಒಂದನೇ ಕೃಷ್ಣ ಶುಭತುಂಗ, ಮೂರನೇ ಗೋವಿಂದ ಜಗತ್ತುಂಗ, ಅಮೋಘವರ್ಷನಂತೂ ಕನ್ನಡಿಗರಿಗೆಲ್ಲ ನೃಪತುಂಗ. ಚೋಳರಲ್ಲೂ ಕುಲೋತ್ತುಂಗನಿದ್ದ. ಸಿಂಹಾಸನದ ಮೇಲೆ ಕೂತವರು ಬಿರುದಾಗಿ ಹೊತ್ತ ಶಬ್ದವನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಕೊಡಪಾನ ಹೊರುವಷ್ಟು ಸಲೀಸಾಗಿ ಹೊತ್ತು ತಿರುಗಿದರು. ಅವರಿಗೆ ಅದು ದೊರೆಗಳಿಂದ ಬಂದದ್ದಲ್ಲ, ಹೊಳೆಯಿಂದ ಬಂದದ್ದು.

ಭದ್ರ ಶಬ್ದದ ಕಥೆ ನನಗೆ ಇನ್ನೂ ಇಷ್ಟ. ಸಂಸ್ಕೃತದಲ್ಲಿ ಅದಕ್ಕೆ ಮಂಗಳ, ಕಲ್ಯಾಣ ಎಂಬ ಅರ್ಥ. ಕೃಷ್ಣನ ತಂಗಿ, ಅಭಿಮನ್ಯುವಿನ ತಾಯಿ ಸುಭದ್ರೆಯ ಹೆಸರಿನಲ್ಲಿರುವುದು ಅದೇ. ಆದರೆ ಕನ್ನಡದ ಮನೆಯೊಳಗೆ ಬಂದ ಮೇಲೆ ಭದ್ರ ಎಂದರೆ ಗಟ್ಟಿ, ಜೋಪಾನ, ಅಲುಗಾಡದ್ದು. ಬಾಗಿಲು ಭದ್ರ ಮಾಡು, ದುಡ್ಡು ಭದ್ರವಾಗಿಟ್ಟುಕೋ. ಚಿಕ್ಕಜ್ಜಿ ಊರಿಗೆ ಹೊರಡುವ ನನ್ನ ಕೈಯಲ್ಲಿ ಎರಡು ರೂಪಾಯಿಯ ನೋಟು ಮಡಚಿಟ್ಟು, ನನ್ನ ಬೆರಳುಗಳನ್ನು ತಾನೇ ಮುಚ್ಚಿ, "ಭದ್ರ" ಎನ್ನುತ್ತಿದ್ದಳು. ಅದು ಎಚ್ಚರಿಕೆಯೋ, ಆಶೀರ್ವಾದವೋ, ಅವಳ ಹೆಸರೋ, ಚಿಕ್ಕವಳಾಗಿದ್ದ ನನಗೆ ತಿಳಿಯುತ್ತಿರಲಿಲ್ಲ. ಈಗ ಮೂರೂ ಅಂತ ಅನ್ನಿಸುತ್ತದೆ. ವೀರಭದ್ರನ ಗುಡಿ ಇದ್ದಲ್ಲಿ ಭದ್ರಕಾಳಿಯೂ ಇರುತ್ತಾಳಾದ್ದರಿಂದ, ಹೊಳೆಗೆ ದೂರದ ಊರುಗಳಲ್ಲೂ ಭದ್ರಮ್ಮಂದಿರು ಇದ್ದರು. ನಮ್ಮ ಕಡೆ ಮಾತ್ರ ದೇವಿಯೂ ಹೊಳೆಯೂ ಒಂದೇ ಹೆಸರಿನೊಳಗೆ ಸೇರಿಕೊಂಡು, ಯಾವುದು ಯಾವುದೆಂದು ಬಿಡಿಸುವ ಅಗತ್ಯ ಯಾರಿಗೂ ಬರಲಿಲ್ಲ.

ಇಲ್ಲೊಂದು ಗಿಡದ ವಿಷಯ ಹೇಳಿಬಿಡಬೇಕು. ಗದ್ದೆಯಂಚಿನಲ್ಲಿ, ತೋಟದ ತೇವದಲ್ಲಿ ಬೆಳೆಯುವ ಕೊನ್ನಾರಿ ಹುಲ್ಲಿನ ಬುಡದಲ್ಲಿ ಘಮಘಮಿಸುವ ಸಣ್ಣ ಗಡ್ಡೆ ಇರುತ್ತದೆ. ಗ್ರಂಥಿಗೆ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಕೆಲವರು ತುಂಗೆಗಡ್ಡೆ ಎನ್ನುತ್ತಾರೆ, ಕೆಲವರು ಭದ್ರಮುಷ್ಟಿ ಎನ್ನುತ್ತಾರೆ. ಒಂದೇ ಗಡ್ಡೆಗೆ ಅಕ್ಕನ ಹೆಸರೂ ಉಂಟು, ತಂಗಿಯ ಹೆಸರೂ ಉಂಟು. ಅಜ್ಜಿ ಅದನ್ನು ಒಣಗಿಸಿ ಸೀಗೆಪುಡಿಗೆ ಸೇರಿಸುತ್ತಿದ್ದಳು. ಎಣ್ಣೆ ನೀರು ಹಾಕಿಕೊಂಡ ದಿನ ಅವಳ ತಲೆಯಿಂದ ಬರುತ್ತಿದ್ದ ಪರಿಮಳ ನನ್ನ ಮಟ್ಟಿಗೆ ಈ ಎರಡು ಹೆಸರುಗಳ ಪರಿಮಳ.

ಹೊಳೆಗಳು ಹುಟ್ಟಿದ ಕಥೆಯನ್ನು ನಮಗೆ ಹೇಳಿದವಳೂ ಅಜ್ಜಿಯೇ. ಹಿರಣ್ಯಾಕ್ಷನನ್ನು ಕೊಂದು ದಣಿದ ವರಾಹಸ್ವಾಮಿ ಗಂಗಾಮೂಲದ ಬೆಟ್ಟದ ಮೇಲೆ ಕೂತನಂತೆ. ಎರಡು ಕೋರೆಹಲ್ಲಿನಿಂದ ಇಳಿದದ್ದು ತುಂಗೆ ಮತ್ತು ಭದ್ರೆ, ಕಣ್ಣಿನಿಂದ ಇಳಿದದ್ದು ನೇತ್ರಾವತಿ. ನೇತ್ರಾವತಿ ಮುನಿಸಿಕೊಂಡು ಘಟ್ಟ ಇಳಿದು ಮಂಗಳೂರಿನ ಕಡಲಿಗೆ ಹೋದಳು, ಇವರಿಬ್ಬರು ನಮ್ಮ ಕಡೆಗೆ ಬಂದರು. ಮುನಿಸಿನ ಮಾತು ಅಜ್ಜಿಯದೇ ಸೇರ್ಪಡೆ ಇರಬೇಕು. ತುಂಗೆ ಶೃಂಗೇರಿಯ ಮೆಟ್ಟಿಲು ತೊಳೆದು, ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯ ಜಾತ್ರೆ ಮಾಡಿಸಿಕೊಂಡು, ಮಂಡಗದ್ದೆಯಲ್ಲಿ ಹಕ್ಕಿಗಳಿಗೆ ಗೂಡಿಗೆ ಜಾಗ ಕೊಟ್ಟು, ಸಕ್ರೆಬೈಲಿನಲ್ಲಿ ಆನೆಗಳನ್ನು ಮೀಯಿಸಿ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಬರುತ್ತಾಳೆ. ಹುಟ್ಟಿದಲ್ಲಿಂದ ಕೂಡ್ಲಿಯವರೆಗೆ 147 ಕಿಲೋಮೀಟರ್. ಅಲ್ಲಿ ಅವಳ ಹೆಸರು ಒಂಟಿಯಾಗಿ ಉಳಿಯುವುದಿಲ್ಲ. ಪುಟ್ಟ ನಂದಿಯ ಗುಡಿಯ ಮುಂದೆ ತಂಗಿಯನ್ನು ಸೇರಿ ತುಂಗಭದ್ರೆಯಾಗುತ್ತಾಳೆ. ಗಂಗಾ ಸ್ನಾನ, ತುಂಗಾ ಪಾನ ಎನ್ನುವ ಮಾತು ನಮ್ಮ ಕಡೆ ಮಗು ಕೂಡ ಬಲ್ಲದು. ಮೀಯಲು ಗಂಗೆ, ಕುಡಿಯಲು ತುಂಗೆ. ಶಿವಮೊಗ್ಗದ ಹೆಸರನ್ನೂ ಶಿವಮುಖ ಎನ್ನುವವರಂತೆಯೇ ಸಿಹಿಮೊಗೆ ಎನ್ನುವವರಿದ್ದಾರೆ. ಮೊಗೆ ಎಂದರೆ ಮಡಕೆ. ಊರು ಮಡಕೆಯಾದರೆ ಒಳಗಿನ ಸಿಹಿನೀರು ತುಂಗೆಯದೇ.

ಭದ್ರಾವತಿಯಂತೂ ಹೆಣ್ಣಿನ ಹೆಸರನ್ನೇ ಇಟ್ಟುಕೊಂಡ ಊರು. ಹಿಂದೆ ಅದು ಬೆಂಕಿಪುರ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿ, 1936ರಲ್ಲಿ ಕಾಗದದ ಕಾರ್ಖಾನೆಯೂ ಹುಟ್ಟಿಕೊಂಡು, ಹಗಲೂ ರಾತ್ರಿ ಕುಲುಮೆ ಉರಿಯತೊಡಗಿದ ಊರಿಗೆ ಬೆಂಕಿ ಎಂಬ ಹೆಸರೇ ಒಪ್ಪುತ್ತಿತ್ತು. ಆದರೆ ಊರು ನೀರಿನ ಹೆಸರನ್ನು ಆರಿಸಿಕೊಂಡಿತು. ಸೈರನ್ ಕೂಗಿ ಪಾಳಿ ಮುಗಿಸಿ ಮಸಿ ಮೆತ್ತಿಕೊಂಡು ಬಂದವರ ಮೈತೊಳೆದದ್ದು ಆ ಹೊಳೆ.

ಈಚೆಗೆ ಮನುಸ್ಮೃತಿಯ ಕನ್ನಡ ಅನುವಾದ ಓದುವಾಗ ಒಂದು ಕಡೆ ತಡೆದು ನಿಂತೆ. ಎರಡನೆಯ ಅಧ್ಯಾಯದಲ್ಲಿ ಹೆಣ್ಣುಮಗುವಿನ ಹೆಸರು ಹೇಗಿರಬೇಕೆಂದು ಹೇಳಿದೆ. ಸುಲಭವಾಗಿ ಕರೆಯುವಂತಿರಬೇಕು, ಕ್ರೂರವಾಗಿರಬಾರದು, ಅರ್ಥ ಸ್ಪಷ್ಟವಿರಬೇಕು, ಮಂಗಳಕರವಾಗಿರಬೇಕು, ದೀರ್ಘಸ್ವರದಲ್ಲಿ ಕೊನೆಯಾಗಬೇಕು. ತುಂಗಾ, ಭದ್ರಾ ಎಂಬ ಎರಡಕ್ಷರದ ಹೆಸರುಗಳಿಗೆ ಅಳತೆ ತೆಗೆದು ಹೊಲಿದ ಹಾಗಿದೆ. ಆದರೆ ಮೂರನೆಯ ಅಧ್ಯಾಯಕ್ಕೆ ಬಂದರೆ ಅದೇ ಗ್ರಂಥ, ನಕ್ಷತ್ರದ, ಮರದ, ನದಿಯ ಹೆಸರಿನ ಹೆಣ್ಣನ್ನು ಮದುವೆಯಾಗಬಾರದು ಎನ್ನುತ್ತದೆ! ಓದಿದಾಗ ಮೈ ಉರಿಯಿತು. ಆಮೇಲೆ ಸಮಾಧಾನವಾಯಿತು. ಶಾಸ್ತ್ರದಲ್ಲಿ ಏನೇ ಬರೆದಿದ್ದರೂ ನಮ್ಮ ಮಲೆನಾಡಿನವರು ಹೊಳೆಯ ಹೆಸರಿಡುವುದನ್ನು ಬಿಡಲಿಲ್ಲ, ಹೊಳೆಯ ಹೆಸರಿನವಳನ್ನು ಮನೆ ತುಂಬಿಸಿಕೊಳ್ಳುವುದನ್ನೂ ಬಿಡಲಿಲ್ಲ. ನಮ್ಮ ಜಿಲ್ಲೆಯ ನೀರಿನ ಪಟ್ಟಿಯೆಂದರೆ ಹೆಚ್ಚುಕಡಿಮೆ ಹೆಣ್ಣುಮಕ್ಕಳ ಹಾಜರಿ ಪುಸ್ತಕ. ತುಂಗಾ, ಭದ್ರಾ, ಶರಾವತಿ, ವರದಾ, ಕುಮುದ್ವತಿ, ಆಗುಂಬೆ ಕಡೆಯ ಮಾಲತಿ. ಇವುಗಳಲ್ಲಿ ಹಾಜರಿ ಕರೆದರೆ ಈಗ ಓಗೊಡುವವರು ಮಾಲತಿಯಂಥ ಒಬ್ಬಿಬ್ಬರು, ಅವರೂ ಐವತ್ತು ದಾಟಿದವರು.

ಭದ್ರಮ್ಮ ಎಂಬ ಹೆಸರಿಗೆ ನಮ್ಮ ಜಿಲ್ಲೆಯಲ್ಲಿ ನಾಲ್ಕು ನೂರು ವರ್ಷದ ಹಿಂದಿನ ಒಂದು ಸಾಕ್ಷಿ ಉಂಟು. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆ 1623ರಲ್ಲಿ ಇಕ್ಕೇರಿಗೆ ಬಂದಿದ್ದ. ಆಗ ಆಳುತ್ತಿದ್ದವನು ಕೆಳದಿಯ ವೆಂಕಟಪ್ಪ ನಾಯಕ. ಅವನ ರಾಣಿಯ ಹೆಸರನ್ನು ಈ ಪರದೇಶಿ ತನಗೆ ಕೇಳಿಸಿದ ಹಾಗೆ, ಭದ್ರಮ್ಮ ಎಂದೇ ಬರೆದುಕೊಂಡ. ರಾಜ ತನಗೆ ತಿಳಿಯದಂತೆ ಇನ್ನೊಬ್ಬಳನ್ನು ಇಟ್ಟುಕೊಂಡದ್ದು ಗೊತ್ತಾದ ಮೇಲೆ ಆಕೆ ಅವನೊಡನೆ ಸಂಸಾರ ಮಾಡಲು ಒಪ್ಪಲಿಲ್ಲ, ಇನ್ನು ನೀನು ನನಗೆ ತಂದೆಯ ಸಮಾನ ಎಂದು ದೂರವೇ ಉಳಿದಳು ಎಂದು ಕೇಳಿದ ಕಥೆಯನ್ನೂ ದಾಖಲಿಸಿದ. ಅರಮನೆಯೊಳಗಿದ್ದು ರಾಜನಿಗೆ ಬೇಡವೆಂದ ಹೆಂಗಸು! ಕನ್ನಡದ ಅರ್ಥದಲ್ಲಿ ಭದ್ರ ಎಂದರೆ ಅವಳೇ. ಸಾಗರದ ಕಡೆಗೆ ಹೋದವರು ಇಕ್ಕೇರಿಯ ಅಘೋರೇಶ್ವರ ಗುಡಿಯ ಕಲ್ಲಿನ ಮುಂದೆ ನಿಂತಾಗ ಈ ಹೆಸರನ್ನು ಒಮ್ಮೆ ನೆನೆಯಬೇಕೆಂದು ನನ್ನಾಸೆ.

ಹೆಸರು ಉಳಿಯುವುದಕ್ಕೆ ಆಗ ಒಂದು ದಾರಿ ಇತ್ತು. ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರು. ಆದರೆ ಸೊಸೆ ಅತ್ತೆಯ ಹೆಸರು ಹಿಡಿದು ಕರೆಯುವ ಹಾಗಿಲ್ಲ. ಹಾಗಾಗಿ ಮಗುವಿಗೆ ಪುಟ್ಟಿ, ಅಮ್ಮಣ್ಣಿ, ಪಾಪು ಎಂದು ಇನ್ನೊಂದು ಕೂಗುವ ಹೆಸರು. ನಿಜವಾದ ಹೆಸರು ಶಾಲೆಗೆ ಸೇರಿಸುವ ದಿನ, ಲಗ್ನಪತ್ರಿಕೆ ಬರೆಸುವ ದಿನ ಹೊರಬರುತ್ತಿತ್ತು. ಬಾಣಂತಿ ಕೋಣೆಯಲ್ಲಿ ಬಚ್ಚಿಟ್ಟು ಮದುವೆಯ ಚಪ್ಪರದಲ್ಲಿ ತೆಗೆಯುವ ಒಡವೆಯ ಹಾಗೆ. ನನಗೂ ಅಜ್ಜಿಯ ಹೆಸರೇ ಇಡಬೇಕಿತ್ತು. ನಮ್ಮಮ್ಮ ಆಗಿನ ಕಾದಂಬರಿಗಳನ್ನು ಓದುತ್ತಿದ್ದವಳು. ನನಗೆ ಕಾದಂಬರಿಯ ನಾಯಕಿಯ ಹೆಸರು ಬಂತು. ಅಜ್ಜಿ ಏನೂ ಅನ್ನಲಿಲ್ಲವಂತೆ. ತೊಟ್ಟಿಲ ಹತ್ತಿರ ಕೂತು, "ಚೆನ್ನಾಗಿದೆ ಕಣೇ, ನಾಲಿಗೆಗೆ ಹೊಸದು" ಅಂದಳಂತೆ. ಕೊಂಡಿ ಕಳಚಿದ್ದು ಅವತ್ತೇ. ಅದನ್ನು ನಾನು ಯಾರ ಮೇಲೂ ಹಾಕಲಾರೆ.

ಹೊಸ ಹೆಸರುಗಳ ಮೇಲೆ ನನಗೆ ದ್ವೇಷವಿಲ್ಲ. ತುಂಗೆಯ ಸೀಮೆಯವರೇ ಆದ ಕುವೆಂಪು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಹೆಸರಿಟ್ಟಾಗ ಅವೂ ಹೊಸವೇ. ಆದರೆ ಆ ಹೆಸರುಗಳಲ್ಲಿ ಕುಪ್ಪಳಿಯ ಬೆಳುದಿಂಗಳಿದೆ, ಮಲೆನಾಡಿನ ಚೈತ್ರದ ಕೋಗಿಲೆಯಿದೆ. ಹೆಸರು ಕೇಳಿದರೆ ಎಲ್ಲಿಯ ಆಕಾಶವೆಂದು ತಿಳಿಯುತ್ತದೆ. ಈಗ ಹೆಸರು ಹುಡುಕುವವರು ಕೇಳುವ ಮೊದಲ ಪ್ರಶ್ನೆ, ಇದು ಬೇರೆ ಯಾರಿಗೂ ಇಲ್ಲ ತಾನೇ? ನಮ್ಮ ಅಜ್ಜಿಯ ಕಾಲದವರು ಕೇಳುತ್ತಿದ್ದದ್ದು, ಇದು ನಮ್ಮಲ್ಲಿ ಯಾರಿಗಿತ್ತು? ಒಂದೇ ಸಾಲಿನ ಮೂರು ಮನೆಯಲ್ಲಿ ಮೂರು ತುಂಗಮ್ಮಂದಿರಿದ್ದರೆ ಯಾರಿಗೂ ತನ್ನದು ಕಡಿಮೆಯಾಯಿತೆಂದು ಅನ್ನಿಸುತ್ತಿರಲಿಲ್ಲ. ಹೊಳೆಯಿಂದ ಮೂರು ಕೊಡ ತುಂಬಿಕೊಂಡರೆ ಹೊಳೆ ಕಡಿಮೆಯಾಗುತ್ತದೆಯೇ?

ಹೆಸರು ಇಲ್ಲವಾಗಿದೆಯೇ ಎಂದರೆ, ಇಲ್ಲ. ಎಲ್ಲೆಲ್ಲೂ ಇದೆ. ಶಿವಮೊಗ್ಗದಲ್ಲಿ ತುಂಗಾನಗರ ಇದೆ, ಆ ಹೆಸರಿನ ಪೊಲೀಸ್ ಠಾಣೆ ಇದೆ. ತೀರ್ಥಹಳ್ಳಿಯಲ್ಲಿ ತುಂಗಾ ಕಾಲೇಜು ಇದೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು, ಅದರಾಚೆ ಭದ್ರಾ ಹುಲಿ ಸಂರಕ್ಷಿತ ಅರಣ್ಯ. ಭದ್ರಾ ಯೋಜನೆಯ ಕೆಲಸಗಾರರಿಗೆಂದು ಎದ್ದ ಊರು ಬಿ.ಆರ್.ಪಿ. ಆಯಿತು, ಅದರ ಮೊದಲ ಅಕ್ಷರದೊಳಗೆ ಭದ್ರೆ ಕೂತಿದ್ದಾಳೆಂದು ಬಸ್ ಕಂಡಕ್ಟರಿಗೂ ನೆನಪಿರುವುದಿಲ್ಲ. ತುಂಗಾ ಮೇಲ್ದಂಡೆ, ಭದ್ರಾ ಮೇಲ್ದಂಡೆ ಎಂಬ ಮಾತುಗಳು ದಿನವೂ ಪತ್ರಿಕೆಯಲ್ಲಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.40 ಟಿ.ಎಂ.ಸಿ. ನೀರನ್ನು ಪಂಪು ಹಚ್ಚಿ ಎತ್ತಿ ಭದ್ರೆಗೆ ಕೊಡುವ ಲೆಕ್ಕವಿದೆ. ಇದನ್ನು ಓದಿದ ದಿನ ಅಜ್ಜಿ ಬಹಳ ನೆನಪಾದಳು. ಕೂಡ್ಲಿಯವರೆಗೂ ಕಾಯದೆ ಅಕ್ಕ ತಂಗಿಯ ಮನೆಗೆ ಹೊರಟಂತಾಯಿತು. ಬೋರ್ಡುಗಳಲ್ಲಿ, ಕಾಲುವೆಗಳಲ್ಲಿ, ಕಡತಗಳಲ್ಲಿ ಈ ಹೆಸರುಗಳಿಗೆ ಸಾವಿಲ್ಲ. ಊಟಕ್ಕೆ ಬಾರೇ ಎಂದು ಕರೆಯುವವರಿಲ್ಲ, ಅಷ್ಟೇ. ಆ ಅಷ್ಟೇ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮಳೆಗಾಲದಲ್ಲಿ ಇನ್ನೂ ಒಂದು ಸಲ ಊರು ತುಂಗೆಯನ್ನು ಮನುಷ್ಯಳ ಹಾಗೆ ಮಾತಾಡಿಸುತ್ತದೆ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗೆ ಕಲ್ಲಿನ ಮಂಟಪವೊಂದಿದೆ. ಶಿವಮೊಗ್ಗದವರಿಗೆ ಹೊಳೆಯ ಅಳತೆ ಆ ಮಂಟಪವೇ. "ಮಂಟಪ ಮುಳುಗ್ತಾ?" ಎಂದು ಬೆಂಗಳೂರಿನಿಂದ ಫೋನು ಮಾಡಿ ಕೇಳುತ್ತಾರೆ. ಜನ ಕೊಡೆ ಹಿಡಿದು ಸೇತುವೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ, ಹೆಂಗಸರು ಬಾಗಿನ ತರುತ್ತಾರೆ. ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ರವಿಕೆ ಕಣ. ಮುತ್ತೈದೆಗೆ ಕೊಡುವ ಎಲ್ಲವೂ. ಚಿಕ್ಕಜ್ಜಿ ತುಂಗೆಗೆ ಬಾಗಿನ ಬಿಡುವಾಗ "ತಗೋ ಅಕ್ಕಾ" ಎನ್ನುತ್ತಿದ್ದಳು. ಹೊಳೆಗೆ ಹೇಳುತ್ತಿದ್ದಳೋ ಭದ್ರಾವತಿಯಲ್ಲಿದ್ದ ಅಕ್ಕನಿಗೆ ಹೇಳುತ್ತಿದ್ದಳೋ, ನಾನು ಕೇಳಲಿಲ್ಲ.

ಅಜ್ಜಿಯ ಹೆಸರು ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಪಾತ್ರೆಗಳ ಮೇಲೆ. ಆಗ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಹಾಕಿಸುವುದು ರೂಢಿ. ಎಲ್ಲರ ಮನೆಯಲ್ಲೂ ಯಜಮಾನನ ಹೆಸರು. ಅಜ್ಜಿ ಮಾತ್ರ ತನ್ನ ಹೆಸರನ್ನೇ ಹಾಕಿಸುತ್ತಿದ್ದಳು. "ತಿಕ್ಕೋಳು ನಾನು, ಹೆಸರು ನಂದೇ ಇರ್ಲಿ" ಎಂಬ ಅವಳ ಮಾತಿಗೆ ತಾತ ಎದುರಾಡಲಿಲ್ಲ. ಹಿತ್ತಾಳೆ ಕೊಳಗ, ತಾಮ್ರದ ಚೊಂಬು, ಸ್ಟೀಲು ಬಂದ ಮೇಲೆ ಸ್ಟೀಲಿನ ತಟ್ಟೆ, ಎಲ್ಲದರ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ "ತುಂಗಮ್ಮ, ನ್ಯೂಟೌನ್". ತಿಕ್ಕಿ ತಿಕ್ಕಿ ಕೆಲವು ಚುಕ್ಕಿ ಅಳಿಸಿವೆ. ಚೊಂಬಿನ ಮೇಲೆ "ತುಂ" ಹೋಗಿದೆ, "ಗಮ್ಮ" ಇದೆ. ಕಾರ್ಖಾನೆಯ ಕೆಲಸ ಮುಗಿದು ಕ್ವಾರ್ಟರ್ಸ್ ಬಿಡುವಾಗ ಬಹಳ ಸಾಮಾನು ಅಲ್ಲೇ ಕೊಟ್ಟುಬಂದೆವು. ಹೆಸರಿದ್ದ ಒಂದು ಪಾತ್ರೆಯನ್ನೂ ಬಿಡಲಿಲ್ಲ.

ಹೋದ ವರ್ಷ ಬೆಂಗಳೂರಿನಲ್ಲಿರುವ ಮಗಳಿಗೆ ಹೆಣ್ಣುಮಗು ಹುಟ್ಟಿತು. ಹೆಸರಿನ ಮಾತು ಬಂದಾಗ ನಾನು ಮೆಲ್ಲಗೆ ತುಂಗಾ ಎಂದೆ. ಮಗಳು ನಗಲಿಲ್ಲ, ಅದಕ್ಕೆ ಅವಳಿಗೆ ಋಣಿ. ಪಕ್ಕದಲ್ಲಿ ಕೂತು, "ಅಮ್ಮಾ, ನನಗೂ ಇಷ್ಟ ಕಣಮ್ಮ. ಆದ್ರೆ ಇಂಗ್ಲಿಷಲ್ಲಿ ಬರೆದ್ರೆ ಟಂಗಾ ಅಂತ ಓದ್ತಾರೆ. ಟಂಗ್ ಟಂಗ್ ಅಂತ ಸ್ಕೂಲಲ್ಲಿ ಆಡ್ಕೋತಾರೆ, ನಾಲಿಗೆ ಚಾಚಿ ಅಣಕಿಸ್ತಾರೆ. ಮಗು ಅತ್ಕೊಂಡು ಬಂದ್ರೆ ನಾನೇನ್ ಹೇಳ್ಲಿ?" ಎಂದಳು. ಮೂವತ್ತು ವರ್ಷ ಮಕ್ಕಳ ಜೊತೆ ಇದ್ದವಳು ನಾನು. ಅವಳು ಹೇಳಿದ್ದು ಸುಳ್ಳಲ್ಲ. ಸಾವಿರಾರು ವರ್ಷ ಯಾವ ನಾಲಿಗೆಗೂ ತೊಡಕಾಗದ ಹೆಸರು ಐದು ಇಂಗ್ಲಿಷ್ ಅಕ್ಷರದ ಮುಂದೆ ಸೋತಿತಲ್ಲ ಎಂಬ ಸಂಕಟಕ್ಕೆ ಅವಳಲ್ಲಿ ಉತ್ತರವಿರಲಿಲ್ಲ, ನನ್ನಲ್ಲೂ ಇರಲಿಲ್ಲ. ನಾಮಕರಣದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಹೆಸರು ಬರೆದರು. ಚಿಕ್ಕ, ಚೆಂದದ ಹೆಸರು. ಮಗುವಿನ ಮುಖಕ್ಕೆ ಒಪ್ಪುತ್ತದೆ. ಕಿವಿಯಲ್ಲಿ ಮೂರು ಸಲ ಅದನ್ನೇ ಹೇಳಿದೆ.

ಊರಿಗೆ ಬಂದವಳು ಮಗುವಿಗೆ ಉಡುಗೊರೆಯಾಗಿ ಒಂದು ಪುಟ್ಟ ಸ್ಟೀಲಿನ ಲೋಟ ಕೊಳ್ಳಲು ಶಿವಮೊಗ್ಗದ ಗಾಂಧಿಬಜಾರಿಗೆ ಹೋದೆ. ಪಾತ್ರೆ ಅಂಗಡಿಯ ಹುಡುಗ ಹೆಸರು ಹಾಕುವ ಮಷೀನು ಕೈಗೆತ್ತಿಕೊಂಡು, "ಏನಂತ ಹಾಕ್ಲಿ ಅಮ್ಮಾ?" ಎಂದ. ಮಗುವಿನ ಹೆಸರು ಹೇಳಿದೆ. ಲೋಟದ ಹೊಟ್ಟೆಯ ಮೇಲೆ ಬರೆದ. ದುಡ್ಡು ತೆಗೆಯಲು ಹೋದವಳು ಕೈ ತಡೆದು, "ಇನ್ನೊಂದು ಹೆಸರು ಹಾಕ್ಬೇಕಪ್ಪ, ತಳಕ್ಕೆ" ಎಂದೆ.

"ತಳಕ್ಕಾ? ಅಲ್ಲಿ ಬರೆದ್ರೆ ಯಾರಿಗಮ್ಮಾ ಕಾಣುತ್ತೆ?"

"ಮಗು ಲೋಟ ಎತ್ತಿ ನೀರು ಕುಡಿಯುವಾಗ, ಎದುರಿಗೆ ಕೂತಿರೋರಿಗೆ ಕಾಣುತ್ತೆ" ಎಂದೆ. ಅವನು ಲೋಟವನ್ನು ಬೋರಲು ಹಾಕಿ, ಮಷೀನು ಶುರುಮಾಡಿ, ಒಂದೊಂದೇ ಚುಕ್ಕಿ ಇಡತೊಡಗಿದ.